18ನೇ ಬೀದಿಯ ಶಿಲುಬೆ ಹಾದಿ

ಶಿಕಾಗೊದಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಆ ಚಳಿಯಲ್ಲೇ ಪಿಲ್ಸನ್ ಬಡಾವಣೆಯ 18ನೇ ಬೀದಿಯಲ್ಲಿ ಒಬ್ಬ ಯುವಕ ನಿಲುವಂಗಿ ಹಾಕಿಕೊಂಡು ದೊಡ್ಡ ಮರದ ಶಿಲುಬೆ ಹೊತ್ತು ನಡೆಯುತ್ತಾನೆ. ಸುತ್ತ ರೋಮನ್ ಸಿಪಾಯಿಗಳ ವೇಷದವರು. ಹಿಂದೆ ಅಳುತ್ತಾ ಬರುವ ಹೆಂಗಸರು. ಅವರ ಹಿಂದೆ ಸಾವಿರಾರು ಜನ. ಹಾಡು, ಜಪ ಎಲ್ಲ ಸ್ಪ್ಯಾನಿಷ್‌ನಲ್ಲಿ. ಮೆಕ್ಸಿಕೋದಿಂದ ಬಂದ ಕುಟುಂಬಗಳು 1977ರಿಂದ ನಡೆಸಿಕೊಂಡು ಬಂದಿರುವ ಶಿಲುಬೆ ಹಾದಿ ಇದು.

ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮದು ಕನಕಪುರದ ಕಡೆಯ ಕನ್ನಡ ಕ್ರೈಸ್ತ ಮನೆತನ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾರೋಬೆಲೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಊರಿನವರೇ ಸೇರಿ ಯೇಸುವಿನ ಪಾಡಿನ ನಾಟಕ ಆಡುತ್ತಾರೆ. ನಿನ್ನೆ ಹೊಲದಲ್ಲಿ ಕಂಡ ಮಾವ ಇವತ್ತು ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪಿಲಾತ. ಅವರ ಮಾತೆಲ್ಲ ನಮ್ಮ ಕನ್ನಡ. 18ನೇ ಬೀದಿಯಲ್ಲಿ ಒಂದು ಮಾತೂ ಅರ್ಥವಾಗದಿದ್ದರೂ, ಯಾವ ಸ್ಥಳದಲ್ಲಿ ಮೊಣಕಾಲೂರಬೇಕು ಅಂತ ನನಗೆ ಗೊತ್ತಿತ್ತು.

ಈ ಮೆರವಣಿಗೆ ಶುರುವಾದ ಕಾರಣ ತಿಳಿದದ್ದು ಆಮೇಲೆ. 1976ರ ಕ್ರಿಸ್ಮಸ್ ಹಿಂದಿನ ದಿನ ಪಿಲ್ಸನ್‌ನ ಒಂದು ಮನೆಗೆ ಬೆಂಕಿ ಬಿತ್ತು. ಮಕ್ಕಳೂ ತಾಯಂದಿರೂ ಸತ್ತರು. ಬೆಂಕಿ ಆರಿಸಲು ಬಂದವರಿಗೂ ಬೀದಿಯ ಜನರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯಲಿಲ್ಲ. ಆ ದುಃಖ ಮುಂದಿನ ವರ್ಷ ಬೀದಿಗೆ ಬಂತು. ಭಾಷೆ ಅಂದರೆ ಬರೀ ಅಭಿಮಾನದ ಮಾತಲ್ಲ ಅಂತ ನನಗೆ ಇಷ್ಟು ಗಟ್ಟಿಯಾಗಿ ಹೇಳಿದ ಕಥೆ ಇನ್ನೊಂದಿಲ್ಲ.

ಈಗ ಆ ಬೀದಿಯ ಸುತ್ತಲಿನ ಚರ್ಚುಗಳನ್ನು ನೋಡಿ. ಮೆರವಣಿಗೆ ಹೊರಡುವ ಪ್ರಾವಿಡೆನ್ಸ್ ಆಫ್ ಗಾಡ್ ಚರ್ಚನ್ನು ಕಟ್ಟಿದವರು ಲಿಥುವೇನಿಯಾದವರು. ದಾರಿಯಲ್ಲಿ ಸಿಗುವ ಸೇಂಟ್ ಪ್ರೊಕೊಪಿಯಸ್ ಬೊಹೀಮಿಯಾದ ಚೆಕ್ ಜನರದು, 1875ರದು. ಪಿಲ್ಸನ್ ಅನ್ನುವ ಹೆಸರೇ ಅವರ ಊರಿನದು. ಸ್ವಲ್ಪ ದೂರದ ಸೇಂಟ್ ಅಡಾಲ್ಬರ್ಟ್ ಪೋಲಿಷರದು, 1874ರಲ್ಲಿ ಶುರುವಾದದ್ದು. ಅದರ ಜೋಡಿ ಗೋಪುರ ಎಷ್ಟೋ ದೂರಕ್ಕೆ ಕಾಣುತ್ತದೆ. ನಡೆದು ಹೋಗುವಷ್ಟು ಜಾಗದಲ್ಲಿ ಒಂದೇ ಕಥೋಲಿಕ ಧರ್ಮಸಭೆಗೆ ಸೇರಿದ ಇಷ್ಟೊಂದು ದೇವಾಲಯಗಳು. ಯಾಕೆ ಬೇಕಿತ್ತು? ಪೂಜೆ ಎಲ್ಲ ಕಡೆಯೂ ಲ್ಯಾಟಿನ್‌ನಲ್ಲೇ ಇತ್ತಲ್ವಾ?

ಇದ್ದದ್ದು ನಿಜ. ಆದರೆ ಪ್ರಬೋಧನೆ ಕೇಳಬೇಕಿತ್ತು. ಪಾಪ ನಿವೇದನೆ ಮಾಡಬೇಕಿತ್ತು. ಹಾಡಬೇಕಿತ್ತು. ಮಗು ಸತ್ತಾಗ ತಾಯಿಗೆ ನಾಲ್ಕು ಸಮಾಧಾನದ ಮಾತು ಬೇಕಿತ್ತು. ಇವು ಯಾವುವೂ ಲ್ಯಾಟಿನ್‌ನಲ್ಲಿ ನಡೆಯುವ ಕೆಲಸವಲ್ಲ.

ಅಮೆರಿಕದ ಕಥೋಲಿಕರನ್ನು ಹೊರಗಿನಿಂದ ನೋಡಿದರೆ ಒಂದೇ ಗುಂಪಿನ ಹಾಗೆ ಕಾಣುತ್ತಾರೆ. ಹತ್ತಿರ ಹೋದರೆ ಒಂದೊಂದು ಸೀಮೆಗೂ ಒಂದೊಂದು ಕಥೆ. ಫ್ಲಾರಿಡಾದ ಸೇಂಟ್ ಆಗಸ್ಟಿನ್‌ಗೆ 1565ರಲ್ಲೇ ಸ್ಪೇನಿನವರು ಬಂದರು. ಮೇರಿಲ್ಯಾಂಡ್‌ಗೆ ಇಂಗ್ಲಿಷ್ ಕಥೋಲಿಕರು 1634ರಲ್ಲಿ. ಲೂಸಿಯಾನದಲ್ಲಿ ಫ್ರೆಂಚರು, ಅವರ ಜೊತೆಗೆ ಮಿಶ್ರ ಮೂಲದ ಕ್ರಿಯೋಲ್ ಜನ. ದೇಶ ಸ್ವತಂತ್ರವಾದ ಮೇಲೆ 1789ರಲ್ಲಿ ಬಾಲ್ಟಿಮೋರ್ ಮೊದಲ ಧರ್ಮಪ್ರಾಂತ್ಯವಾಯಿತು. ಜಾನ್ ಕ್ಯಾರಲ್ ಅದರ ಮೊದಲ ಧರ್ಮಾಧ್ಯಕ್ಷರು, ಅಂದರೆ ಬಿಷಪ್. ಆ ಹೊತ್ತಿಗೇ ಫಿಲಡೆಲ್ಫಿಯಾದ ಜರ್ಮನರು ನಮ್ಮ ಭಾಷೆಗೇ ಒಂದು ಚರ್ಚು ಬೇಕು ಅಂತ ಹೋಲಿ ಟ್ರಿನಿಟಿ ಕಟ್ಟಲು ಹೊರಟಿದ್ದರು. ಭಾಷೆಯ ಪ್ರಶ್ನೆ ಅಲ್ಲಿನ ಧರ್ಮಸಭೆಯ ಜೊತೆಯಲ್ಲೇ ಹುಟ್ಟಿದೆ.

ಆಮೇಲೆ 1840ರ ದಶಕದ ಆಲೂಗಡ್ಡೆ ಬರಗಾಲದಿಂದ ಓಡಿಬಂದ ಐರಿಷರು ಲಕ್ಷಗಟ್ಟಲೆ ಇಳಿದರು. ಅವರನ್ನು ಯಾರೂ ಹೂಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. ಬರಗಾಲಕ್ಕೂ ಮೊದಲೇ, 1844ರಲ್ಲಿ, ಫಿಲಡೆಲ್ಫಿಯಾದಲ್ಲಿ ಎರಡು ಕಥೋಲಿಕ ಚರ್ಚುಗಳನ್ನು ಸುಟ್ಟಿದ್ದರು. ಆದರೆ ಐರಿಷರಿಗೆ ಇಂಗ್ಲಿಷ್ ಬರುತ್ತಿತ್ತು. ಅದೊಂದರಿಂದ ಮುಂದೆ ಧರ್ಮಾಧ್ಯಕ್ಷರ ಪೀಠಗಳು ಜಾಸ್ತಿ ಅವರ ಪಾಲಿಗೆ ಬಂದವು. ಆಮೇಲೆ ಬಂದ ಪೋಲಿಷರು, ಇಟಾಲಿಯನ್ನರು, ಸ್ಲೋವಾಕರು ಅವರ ಕೈಕೆಳಗೆ ಬಂದರು. ಒಂದು ಕಾಲಕ್ಕೆ ಪೆಟ್ಟು ತಿಂದವರೇ ಆಮೇಲೆ ಬಂದವರ ನೋವನ್ನು ಕಾಣದೇ ಹೋದರು. ಇದು ನನಗೆ ತುಂಬಾ ಬೇಸರ ತರುವ ಭಾಗ.

ಮಿನ್ನಿಯಾಪೊಲಿಸ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. 1889ರಲ್ಲಿ ಅಲೆಕ್ಸಿಸ್ ಟೋತ್ ಎಂಬ ಗುರು (ಪಾದ್ರಿ) ಪೂರ್ವ ಯುರೋಪಿನ ತಮ್ಮ ಜನರ ಸೇವೆಗೆ ಅಲ್ಲಿಗೆ ಬಂದರು. ಅವರದು ಪೌರ್ವಾತ್ಯ ವಿಧಿಯ ಕಥೋಲಿಕ ಸಭೆ, ಅಂದರೆ ರೋಮ್‌ಗೆ ಸೇರಿದ್ದರೂ ಪೂಜೆಯ ಪದ್ಧತಿ ಬೇರೆ. ಆ ವಿಧಿಯಲ್ಲಿ ಮದುವೆಯಾದವರೂ ಗುರುಗಳಾಗಬಹುದು. ಟೋತ್ ಹೆಂಡತಿಯನ್ನು ಕಳೆದುಕೊಂಡವರು. ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಜಾನ್ ಐರ್ಲೆಂಡ್, ಮದುವೆಯಾಗಿದ್ದ ಟೋತ್‌ರನ್ನು ಗುರುವೆಂದು ಒಪ್ಪಲೇ ಇಲ್ಲ. 1891ರಲ್ಲಿ ಟೋತ್ ತಮ್ಮ ಇಡೀ ಧರ್ಮಕೇಂದ್ರದ (ಪ್ಯಾರಿಷ್) ಜೊತೆ, ರೋಮ್‌ಗೆ ಸೇರದ ರಷ್ಯನ್ ಆರ್ಥೊಡಾಕ್ಸ್ ಸಭೆಗೆ ಹೋಗಿಬಿಟ್ಟರು. ಅವರ ಹಿಂದೆ ಸಾವಿರ ಸಾವಿರ ಜನ ಹೋದರು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಕಲ್ಲಿದ್ದಲು ಗಣಿಯಲ್ಲಿ ದುಡಿದ ಪೋಲಿಷರು ತಮ್ಮ ಕಾಸಿನಲ್ಲಿ ಚರ್ಚು ಕಟ್ಟಿದರು. ಅದರ ಆಸ್ತಿ, ಅದರ ಲೆಕ್ಕ ಯಾರ ಕೈಯಲ್ಲಿರಬೇಕು ಅಂತ ಜಗಳ ಬಂತು. 1897ರಲ್ಲಿ ಅವರು ಗುರು ಫ್ರಾನ್ಸಿಸ್ಜೆಕ್ ಹೊದುರ್ ಹಿಂದೆ ಬೇರೆ ಹೋದರು. 1901ರ ಕ್ರಿಸ್ಮಸ್‌ಗೆ ಹೊದುರ್ ಪೋಲಿಷ್ ಭಾಷೆಯಲ್ಲೇ ಪೂಜೆ ಮಾಡಿದರು. ರೋಮ್ ತಾಯ್ನುಡಿಯ ಪೂಜೆಗೆ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1963ರಲ್ಲಿ. 60 ವರ್ಷ ಕಾಯಲು ಆ ಗಣಿ ಕೆಲಸದವರಿಗೆ ಆಗಲಿಲ್ಲ.

ಬಿಟ್ಟು ಹೋಗದೆ ಉಳಿದವರು ಹೇಗೆ ಉಳಿದರು? ಅದನ್ನು ನೋಡಬೇಕಾದರೆ ಶಿಕಾಗೊದ ಸೇಂಟ್ ಸ್ಟಾನಿಸ್ಲಾಸ್ ಕೊಸ್ಟ್ಕಾಕ್ಕೆ ಹೋಗಬೇಕು. 1867ರಲ್ಲಿ ಶುರುವಾದ ಪೋಲಿಷ್ ಧರ್ಮಕೇಂದ್ರ. 1890ರ ದಶಕದಲ್ಲಿ ಸುಮಾರು 40,000 ಜನ ಇದಕ್ಕೆ ಸೇರಿದ್ದರು. ಒಂದು ಊರಲ್ಲ, ಒಂದು ಚರ್ಚಿನ ಲೆಕ್ಕ ಇದು! ಮೇಲಿನ ದೇವಾಲಯದಲ್ಲೂ ಕೆಳಗಿನ ನೆಲಮಾಳಿಗೆಯಲ್ಲೂ ಭಾನುವಾರ ಒಂದರ ಹಿಂದೊಂದು ಪೂಜೆ ನಡೆಯುತ್ತಿತ್ತು. ಬಂದವರು ಕಸಾಯಿಖಾನೆ, ಉಕ್ಕಿನ ಕಾರ್ಖಾನೆ, ಚರ್ಮ ಹದ ಮಾಡುವ ಕಡೆ ದುಡಿಯುವವರು. ಅವರ ಚಿಲ್ಲರೆ ಕಾಸಿನಲ್ಲೇ ಆ ಕಟ್ಟಡ ಎದ್ದಿತು.

ಕಟ್ಟಡದ ಹಿಂದೆ ಶಾಲೆ ಬಂತು, ಭಗಿನಿಯರು (ಸನ್ಯಾಸಿನಿಯರು) ಪಾಠ ಹೇಳಿದರು. ಸಾವು ನೋವಿಗೆ ಹಣ ಕೊಡುವ ಸಂಘಗಳು ಬಂದವು. ಪೋಲಿಷ್ ರೋಮನ್ ಕಥೋಲಿಕ ಯೂನಿಯನ್ 1873ರದು. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ, ಗಂಡ ಕಾರ್ಖಾನೆಯಲ್ಲಿ ಸತ್ತಾಗ ಹೆಂಡತಿ ಬೀದಿಗೆ ಬೀಳುತ್ತಿರಲಿಲ್ಲ. ಐರಿಷರ ನಡುವೆಯೂ ಹೀಗೇ. ಕನೆಕ್ಟಿಕಟ್‌ನಲ್ಲಿ ಗುರು ಮೈಕೆಲ್ ಮೆಕ್‌ಗಿವ್ನಿ 1882ರಲ್ಲಿ ನೈಟ್ಸ್ ಆಫ್ ಕೊಲಂಬಸ್ ಕಟ್ಟಿದ್ದು ಇದೇ ಕೆಲಸಕ್ಕೆ. ಜೊತೆಗೆ ಪತ್ರಿಕೆ, ಬ್ಯಾಂಡು, ಸ್ಮಶಾನ. ತೊಟ್ಟಿಲಿಂದ ಗೋರಿಯವರೆಗೆ ಎಲ್ಲವೂ ಅವರ ಭಾಷೆಯಲ್ಲೇ ಮುಗಿಯುತ್ತಿತ್ತು. ಹಳೇ ಶಿಕಾಗೊದವರು ಹೊಸಬರನ್ನು ಕಂಡರೆ ಯಾವ ಬಡಾವಣೆ ಅಂತ ಕೇಳುತ್ತಿರಲಿಲ್ಲವಂತೆ. ಯಾವ ಪ್ಯಾರಿಷ್ ಅಂತ ಕೇಳುತ್ತಿದ್ದರು. ನಾವು ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾವ ಊರಾಯ್ತು ಅಂತ ಕೇಳುತ್ತೇವಲ್ಲ, ಹಾಗೆ.

ಅವರಲ್ಲಿ ಜಗಳ ಇರಲಿಲ್ಲ ಅಂತಲ್ಲ. ಸೇಂಟ್ ಸ್ಟಾನಿಸ್ಲಾಸ್‌ನಿಂದ ಕೂಗಳತೆಯಲ್ಲೇ ಹೋಲಿ ಟ್ರಿನಿಟಿ ಅಂತ ಇನ್ನೊಂದು ಪೋಲಿಷ್ ಚರ್ಚಿದೆ. ಒಂದೇ ಭಾಷೆ, ಒಂದೇ ವಿಶ್ವಾಸ. ಆದರೂ ಎರಡು ಪಂಗಡಕ್ಕೆ ಆಗಿಬರದೆ ಹೋಲಿ ಟ್ರಿನಿಟಿಗೆ ವರ್ಷಗಟ್ಟಲೆ ಬೀಗ ಬಿದ್ದಿತ್ತು. ರೋಮ್‌ನ ಪ್ರತಿನಿಧಿಯೇ ಬಂದು 1893ರಲ್ಲಿ ಅದನ್ನು ತೆರೆಸಬೇಕಾಯಿತು. ಕನ್ನಡ ಸಂಘಗಳಲ್ಲಿ ಒಡಕು ಬಂದಾಗಲೆಲ್ಲ ನಾನು ಇದನ್ನು ನೆನೆಸಿಕೊಳ್ಳುತ್ತೇನೆ. ಜಗಳ ಮಾಡಿಕೊಂಡೂ ಅವರು ಶಾಲೆ ಮುಚ್ಚಲಿಲ್ಲ.

ಇನ್ನು ಮುಂಡೆಲೈನ್ ಅವರ ವಿಷಯ. ನನ್ನ ತಲೆಯಲ್ಲಿ ವರ್ಷಗಳಿಂದ ಕೊರೆಯುತ್ತಿರುವ ಪ್ರಶ್ನೆ ಶುರುವಾದದ್ದು ಇಲ್ಲಿಂದಲೇ. ಜಾರ್ಜ್ ಮುಂಡೆಲೈನ್ 1916ರಲ್ಲಿ ಶಿಕಾಗೊದ ಮಹಾಧರ್ಮಾಧ್ಯಕ್ಷರಾಗಿ ಬಂದರು. ಅವರೂ ಜರ್ಮನ್ ಮೂಲದವರೇ. ಚರ್ಚಿನ ಶಾಲೆಗಳಲ್ಲಿ ಪಾಠ ಇಂಗ್ಲಿಷ್‌ನಲ್ಲೇ ನಡೆಯಲಿ, ಧರ್ಮೋಪದೇಶ ಮತ್ತು ಓದಿಗೆ ಮಾತ್ರ ತಾಯ್ನುಡಿ ಇರಲಿ ಅಂದರು. ಭಾಷೆಗೊಂದರಂತೆ ಹೊಸ ಚರ್ಚುಗಳು ಬೇಡ ಅಂದರು. ಪೋಲಿಷ್ ಗುರುಗಳು ತಿರುಗಿಬಿದ್ದರು. ರೋಮ್‌ವರೆಗೆ ದೂರು ಹೋಯಿತು. ಎಷ್ಟೋ ಶಾಲೆಗಳಲ್ಲಿ ಪೋಲಿಷ್ ಸುಮ್ನೆ ಮುಂದುವರಿಯಿತು.

ಮುಂಡೆಲೈನ್ ಕೇಳಿದ್ದು ಏನು? ಈ ನೆಲದ ಭಾಷೆಗೆ ಮೊದಲ ಜಾಗ ಕೊಡಿ ಅಂತ. ನಾನು ಬೆಂಗಳೂರಿನಲ್ಲಿ ಕೇಳಿದ್ದು ಏನು? ಅದನ್ನೇ.

ನಾವು ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಹೋಗುತ್ತಿದ್ದ ಚರ್ಚಿನಲ್ಲಿ ಕನ್ನಡ ಪೂಜೆಗೆ ಅನುಕೂಲವಾದ ಹೊತ್ತು ಸಿಗುತ್ತಿರಲಿಲ್ಲ. ಒಳ್ಳೆಯ ಸಮಯವೆಲ್ಲ ಇಂಗ್ಲಿಷ್‌ಗೆ, ತಮಿಳಿಗೆ. ನಾವು ಹುಡುಗರು ಸೇರಿ ಅರ್ಜಿ ಬರೆದೆವು. ಸಭೆ ಮಾಡಿದೆವು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಜಾಗಕ್ಕಾಗಿ ನಡೆದ ಹೋರಾಟಕ್ಕೆ ಹಲವು ದಶಕಗಳ ಚರಿತ್ರೆ ಇದೆ. ನಮ್ಮದು ಅದರಲ್ಲಿ ಒಂದು ಸಣ್ಣ ಎಳೆ. ಕೊನೆಗೆ ನಮಗೆ ಬೆಳಗಿನ ಒಳ್ಳೆಯ ಸಮಯ ಸಿಕ್ಕಿತು. ಆ ದಿನ ನಮ್ಮ ಬೀದಿಯ ಒಬ್ಬ ತಮಿಳು ಅಜ್ಜಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಹೇಳಿದರು.

"ನಿನ್ ಭಾಷೆ ಬೇಡ ಅಂತ ನಾನೆಲ್ಲಪ್ಪಾ ಅಂದೆ? ಅದೇ ಹೊತ್ತಿಗೆ ಐವತ್ತು ವರ್ಷದಿಂದ ಬರ್ತಾ ಇದೀನಿ. ನನ್ ಕಾಲ ಮುಗಿಯೋ ತನಕ ಬಿಡಬಾರ್ದಿತ್ತಾ?"

ಆಗ ನನಗೆ ಅವರ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ಗೆದ್ದ ಖುಷಿಯಲ್ಲಿದ್ದೆ.

ಶಿಕಾಗೊಗೆ ಬಂದು ಭಾನುವಾರ ಇಂಗ್ಲಿಷ್ ಪೂಜೆಯಲ್ಲಿ ಕೂತಾಗ ಮೊದಲ ಸಲ ಮನಸ್ಸಿಗೆ ಹೋಯಿತು. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಕೆಲಸವೆಲ್ಲ ಅದರಲ್ಲೇ. ಆದರೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಒಳಗೆ ಹೇಳಿಕೊಂಡರೆ ಮಾತ್ರ ಅದು ನನಗೆ ಪ್ರಾರ್ಥನೆ. ಸುತ್ತ ಎಲ್ಲರೂ ಇಂಗ್ಲಿಷ್‌ನಲ್ಲಿ ಹೇಳುವಾಗ ನಾನು ತುಟಿಯಲ್ಲೇ ಕನ್ನಡದಲ್ಲಿ ಹೇಳಿ ಅವರಿಗಿಂತ ಎರಡು ಕ್ಷಣ ತಡವಾಗಿ ಮುಗಿಸುತ್ತೇನೆ. ಇಲ್ಲಿ ನಾನು ಆ ಅಜ್ಜಿ.

ಹಾಗಾದರೆ ಬೆಂಗಳೂರಿನಲ್ಲಿ ನಾನು ಕೇಳಿದ್ದು ತಪ್ಪಾ? ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಮುಂಡೆಲೈನ್ ಅವರ ಇಂಗ್ಲಿಷ್‌ಗೆ ಸರ್ಕಾರ, ಮಾರುಕಟ್ಟೆ, ಕಾರ್ಖಾನೆ ಎಲ್ಲವೂ ಬೆನ್ನಿಗಿದ್ದವು. ಅವರು ಕೇಳದಿದ್ದರೂ ಪೋಲಿಷ್ ಮಕ್ಕಳು ಎರಡನೇ ತಲೆಮಾರಿಗೆ ಇಂಗ್ಲಿಷ್ ಆಡುತ್ತಿದ್ದರು. ಬೆಂಗಳೂರಿನಲ್ಲಿ ಕನ್ನಡಕ್ಕೆ ಆ ಬಲ ಇರಲಿಲ್ಲ. ತನ್ನದೇ ನೆಲದಲ್ಲಿ ಕೈಚಾಚಿ ನಿಲ್ಲಬೇಕಾಗಿತ್ತು. ಹಳ್ಳಿಗಳಿಂದ ಬಂದ ಕನ್ನಡ ಕ್ರೈಸ್ತರು ದೊಡ್ಡ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ನೆಲದ ಭಾಷೆ ಎಲ್ಲರೂ ಕಲಿಯಬೇಕು, ಅದಕ್ಕೆ ಗೌರವದ ಜಾಗ ಇರಲೇಬೇಕು. ಆ ಮಾತಿನಲ್ಲಿ ನಾನು ಇವತ್ತಿಗೂ ಹಿಂದೆ ಸರಿಯುವುದಿಲ್ಲ. ಆದರೆ ಆ ಜಾಗವನ್ನು ಇನ್ನೊಬ್ಬರ ಪ್ರಾರ್ಥನೆಯ ಹೊತ್ತು ಕಿತ್ತುಕೊಂಡು ಮಾಡಬೇಕಾಗಿರಲಿಲ್ಲ. ಇನ್ನೊಂದು ಪೂಜೆ ಸೇರಿಸಬಹುದಿತ್ತು. ಸೇಂಟ್ ಸ್ಟಾನಿಸ್ಲಾಸ್‌ನವರು ಜಾಗ ಸಾಲದಾಗ ನೆಲಮಾಳಿಗೆಯಲ್ಲೂ ಪೂಜೆ ಮಾಡಿದರು. ಇವತ್ತು ಅದೇ ಚರ್ಚಿನಲ್ಲಿ ಪೋಲಿಷ್, ಸ್ಪ್ಯಾನಿಷ್, ಇಂಗ್ಲಿಷ್ ಮೂರರಲ್ಲೂ ಪೂಜೆ ಇದೆ.

ಮಲಯಾಳಿ ಗೆಳೆಯರನ್ನು ನೋಡಿ ನನಗೆ ಹೆಮ್ಮೆಯೂ ಆಗುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾದ ಮೇಲೆ ಕೇರಳದ ಹೆಣ್ಣುಮಕ್ಕಳು ನರ್ಸ್ ಕೆಲಸಕ್ಕೆ ಬಂದರು. ಮನೆಗಳಲ್ಲಿ ಸೇರಿ ಪ್ರಾರ್ಥನೆ ಮಾಡಿದರು. ಬೇರೆಯವರ ಚರ್ಚಿನಲ್ಲಿ ಮಧ್ಯಾಹ್ನದ ಹೊತ್ತು ಕೇಳಿ ಪಡೆದರು. 2001ರಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಶಿಕಾಗೊದಲ್ಲಿ ಇವರ ಸಿರೋ ಮಲಬಾರ್ ಸಭೆಗೆ ಧರ್ಮಪ್ರಾಂತ್ಯವನ್ನೇ ಕೊಟ್ಟರು. ಭಾರತದ ಹೊರಗೆ ಆ ಸಭೆಗೆ ಅದೇ ಮೊದಲನೆಯದು. ಬೆಲ್‌ವುಡ್‌ನಲ್ಲಿ ಅವರ ಪ್ರಧಾನಾಲಯ ಇದೆ. ಅವರದು ಬೇರೆ ವಿಧಿ, ಆದ್ದರಿಂದ ಬೇರೆ ಧರ್ಮಪ್ರಾಂತ್ಯ ಸಾಧ್ಯವಾಯಿತು. ನಾವು ಲ್ಯಾಟಿನ್ ವಿಧಿಯವರು. ನಮಗೆ ಆ ದಾರಿ ಇಲ್ಲ. ಆದರೆ ಮನೆಯಲ್ಲಿ ಸೇರುವುದಕ್ಕೆ, ಮಧ್ಯಾಹ್ನದ ಹೊತ್ತು ಕೇಳುವುದಕ್ಕೆ ಯಾವ ವಿಧಿಯೂ ಅಡ್ಡ ಬರುವುದಿಲ್ಲ.

ಪೋಲಿಷರು ಕಟ್ಟಿದ್ದೂ ಹಾಗೇ ನಿಂತಿಲ್ಲ. ಮಕ್ಕಳು ಓದಿ, ದುಡಿದು, ದೂರದ ಬಡಾವಣೆಗಳಿಗೆ ಹೋದರು. ಸೇಂಟ್ ಅಡಾಲ್ಬರ್ಟ್ 2019ರಲ್ಲಿ ಮುಚ್ಚಿತು. ಅದರ ಮುಂದೆ ನಿಂತು ಜಪಸರ ಹೇಳಿದವರಲ್ಲಿ ಮೆಕ್ಸಿಕೋದವರೂ ಇದ್ದರು. ಯಾರೋ ಕಟ್ಟಿದ ಗುಡಿಯನ್ನು ಇನ್ಯಾರೋ ತಮ್ಮದು ಅಂತ ಕಾಯುವುದು ನನಗೆ ದೊಡ್ಡ ಸಂಗತಿ. 2025ರಲ್ಲಿ ಜಗದ್ಗುರುಗಳಾದ ಹದಿನಾಲ್ಕನೇ ಲಿಯೋ ಇದೇ ಶಿಕಾಗೊದ ದಕ್ಷಿಣದ ಡಾಲ್ಟನ್‌ನಲ್ಲಿ ಬೆಳೆದವರು. ಅವರ ತಾಯಿಯ ಕಡೆಯವರು ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಮನೆತನ. ಅವರು ಬಾಲ್ಯದಲ್ಲಿ ಹೋಗುತ್ತಿದ್ದ ಧರ್ಮಕೇಂದ್ರವೂ ಈಗ ಇಲ್ಲ, ಬಾಗಿಲು ಮುಚ್ಚಿದೆ.

ಆದರೂ ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ಶನಿವಾರ ಇಲ್ಲಿನ ಪೋಲಿಷ್ ಚರ್ಚಿಗೆ ಹೋಗಿ ನೋಡಿ. ಸಾಲುಸಾಲಾಗಿ ಬುಟ್ಟಿಗಳು. ಮೊಟ್ಟೆ, ರೊಟ್ಟಿ, ಉಪ್ಪು, ಸಾಸೇಜ್, ಮೇಲೆ ಕಸೂತಿ ಬಟ್ಟೆ. ಗುರುಗಳು ಪವಿತ್ರ ಜಲ ಚಿಮುಕಿಸುತ್ತಾರೆ. ಬುಟ್ಟಿ ಹಿಡಿದ ಎಷ್ಟೋ ಮಕ್ಕಳಿಗೆ ಪೋಲಿಷ್ ಬರುವುದಿಲ್ಲ. ಅಜ್ಜಿಯ ಮುತ್ತಜ್ಜಿ ಹೊತ್ತು ತಂದ ಪದ್ಧತಿ ಇನ್ನೂ ಕೈಯಲ್ಲಿದೆ. ಮಂಗಳೂರಿನ ಕಡೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ತೆನೆ ಹಂಚಿ ಹೊಸ ಅಕ್ಕಿ ಊಟ ಮಾಡುತ್ತಾರಲ್ಲ, ಅಲ್ಲಿನ ಕೊಂಕಣಿ ಕುಟುಂಬಗಳು ಇಲ್ಲೂ ಅದನ್ನು ಬಿಟ್ಟಿಲ್ಲ. ಬಯಲುಸೀಮೆಯ ನಾವು ಕನ್ನಡ ಕ್ರೈಸ್ತರು ಏನು ಉಳಿಸಿಕೊಂಡಿದ್ದೇವೆ?

ಕೆಲವು ವರ್ಷದ ಹಿಂದೆ ನಮ್ಮ ಪರಿಚಯದ ಮನೆಯಲ್ಲಿ ಮಗನ ಜೊತೆ ಇರಲು ಬಂದ ತಾಯಿ ಇಲ್ಲೇ ತೀರಿಕೊಂಡರು. ಇಂಗ್ಲಿಷೇ ಬಾರದ ಹೆಂಗಸು. ಅಂತ್ಯಸಂಸ್ಕಾರ ಪೂರ್ತಿ ಇಂಗ್ಲಿಷ್‌ನಲ್ಲಿ ನಡೆಯಿತು. ಗುರುಗಳು ಒಳ್ಳೆಯವರು, ತಮಗೆ ಬರುವ ಭಾಷೆಯಲ್ಲಿ ಮಾಡಿದರು. ನಾವು ಹತ್ತು ಹನ್ನೆರಡು ಜನ ಕನ್ನಡದವರಿದ್ದೆವು. ಊರಿನಲ್ಲಾಗಿದ್ದರೆ ರಾತ್ರಿಯಿಡೀ ಹಾಡುತ್ತಿದ್ದೆವು. ಇಲ್ಲಿ ಒಬ್ಬರಿಗೂ ಒಂದು ಹಾಡು ಪೂರ್ತಿ ನೆನಪಿರಲಿಲ್ಲ. ಮೊದಲ ಚರಣ ಹೇಳಿ ನಿಂತೆವು. ಮಗ ತಲೆ ತಗ್ಗಿಸಿಕೊಂಡು ಕೂತಿದ್ದರು.

ಅವತ್ತಿನಿಂದ ತಿಂಗಳಿಗೊಂದು ಸಂಜೆ ಸೇರುತ್ತೇವೆ. ಹಿಂದೆ ಪೋಲಿಷರದಾಗಿದ್ದು ಈಗ ಹೆಚ್ಚಾಗಿ ಮೆಕ್ಸಿಕೋದವರು ಬರುವ ಒಂದು ಚರ್ಚಿನ ನೆಲಮಾಳಿಗೆಯ ಹಾಲ್ ಕೇಳಿದೆವು, ಕೊಟ್ಟರು. ಕನ್ನಡದಲ್ಲಿ ಜಪಸರ, ನಾಲ್ಕು ಹಾಡು, ಆಮೇಲೆ ಚಿತ್ರಾನ್ನ, ಕಾಫಿ. ಮಕ್ಕಳಿಗೆ ಕನ್ನಡದಲ್ಲಿ ಶಿಲುಬೆ ಗುರುತು ಹಾಕುವುದು ಕಲಿಸುತ್ತಿದ್ದೇವೆ. ಸಾವಿನ ಮನೆಯ ಹಾಡುಗಳನ್ನು ಊರಿನಿಂದ ಫೋನಿನಲ್ಲಿ ಹಾಡಿಸಿ ಬರೆದುಕೊಂಡಿದ್ದೇವೆ. ಒಂದು ಡಬ್ಬಿಯನ್ನೂ ಇಟ್ಟಿದ್ದೇವೆ, ಯಾರ ಮನೆಯಲ್ಲಿ ಸಾವಾದರೂ ಮೊದಲ ಖರ್ಚು ಅದರಿಂದ. ಇದನ್ನು ಕಲಿತದ್ದು ಕಸಾಯಿಖಾನೆಯಲ್ಲಿ ದುಡಿದ ಆ ಪೋಲಿಷರಿಂದಲೇ.

ಹಾಲ್‌ನ ಬೀಗ ಹಾಕಲು ಒಬ್ಬರು ವಯಸ್ಸಾದ ಪೋಲಿಷ್ ಹೆಂಗಸು ಬರುತ್ತಾರೆ. ಮೊದಲೆಲ್ಲ ಬಾಗಿಲಲ್ಲೇ ಕಾಯುತ್ತಿದ್ದರು. ಈಗ ಹಿಂದಿನ ಕುರ್ಚಿಯಲ್ಲಿ ಕೂತು ತಮ್ಮ ಜಪಸರ ತೆಗೆಯುತ್ತಾರೆ. ನಾವು "ನಮೋ ಮರಿಯಾ" ಅಂದಾಗ ಅವರ ತುಟಿ ಪೋಲಿಷ್‌ನಲ್ಲಿ ಅಲುಗುತ್ತದೆ. ಹೋದ ತಿಂಗಳು ಅವರು ಗೋಡೆಯ ಕಪಾಟು ತೆರೆದರು. ಒಳಗೆ ಹಳೇ ಪೋಲಿಷ್ ಪ್ರಾರ್ಥನೆ ಪುಸ್ತಕಗಳು, ಅವುಗಳ ಪಕ್ಕ ಸ್ಪ್ಯಾನಿಷ್ ಪುಸ್ತಕಗಳು. ಕೆಳಗಿನ ಹಲಗೆಯನ್ನು ಒರೆಸಿ ಖಾಲಿ ಮಾಡಿ ಇಟ್ಟಿದ್ದರು. ನಿಮ್ಮ ಪುಸ್ತಕಗಳನ್ನು ಪ್ರತಿ ಸಲ ಹೊತ್ತುಕೊಂಡು ಹೋಗಬೇಡಿ, ಇಲ್ಲೇ ಇಡಿ ಅಂದರು.